ಹಿಂದಿನಿಂದ ಕರೆಯಲಾರದ ಕಂಟ್ರೋಲರು

ಹೆಮ್ಮಿಗೆಯ ನಿಂಗರಾಜು ವಿಮಾನ ನಿಲ್ಲಿಸಿದ ಸಂಗತಿಯನ್ನು ತಾಂಡವಪುರದಲ್ಲಿ ಒಂದು ಬಗೆಯಾಗಿ ಹೇಳುತ್ತಾರೆ, ನರಸೀಪುರದ ಕಡೆ ಇನ್ನೊಂದು ಬಗೆಯಾಗಿ. ರನ್‌ವೇಗೆ ಬಂದದ್ದು ನವಿಲು ಎಂದು ಅವರು, ಕಾಡುಹಂದಿ ಎಂದು ಇವರು. ನಿಲ್ದಾಣ ಯಾವುದೆಂದು ಮಾತ್ರ ಇಬ್ಬರೂ ಬಾಯಿ ಬಿಡುವುದಿಲ್ಲ. ನವಿಲಿನ ಪಾಠವನ್ನೇ ಹಿಡಿದು ಹೇಳುವುದಾದರೆ, ನಡೆದದ್ದು ಹೀಗೆ.

ನಿಂಗರಾಜು ಅಂದು ಟವರಿನಲ್ಲಿ ಪರೀಕ್ಷೆಗೆ ಕೂತಿದ್ದ. ವಿಮಾನಗಳಿಗೆ ಹೊರಡಲು, ಇಳಿಯಲು ಅಪ್ಪಣೆ ಕೊಡುವ ಕೆಲಸವನ್ನು ಅವನು ಅಲ್ಲಿಯವರೆಗೆ ಹಿರಿಯರ ಪಕ್ಕದಲ್ಲಿ ಕೂತೇ ಮಾಡಿದ್ದ. ಈ ದಿನ ಪಾಸಾದರೆ ಒಬ್ಬನೇ ಕೂರಬಹುದು. ಹಿಂದೊಮ್ಮೆ ಫೇಲಾಗಿದ್ದವನು, ಇನ್ನೊಮ್ಮೆ ಆದರೆ ಟವರಿನ ಮೆಟ್ಟಿಲಿಳಿದು ಕೆಳಗಿನ ಆಫೀಸಿನಲ್ಲಿ ಕುರ್ಚಿ ಹುಡುಕಿಕೊಳ್ಳಬೇಕು. ಪರೀಕ್ಷಕರಾಗಿ ಬಂದಿದ್ದ ಪ್ರೇಮ್‌ಕುಮಾರ್ ಅವನ ಪಕ್ಕದಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಕಲ್ಲಿನ ಬಸವಣ್ಣನ ಹಾಗೆ ಮಿಸುಕಾಡದೆ ಕೂತಿದ್ದರು.

ಹೈದರಾಬಾದಿಗೆ ಹೋಗುವ ಸಣ್ಣ ವಿಮಾನ ರನ್‌ವೇಯ ತುದಿಗೆ ಬಂದು ನಿಂತಿತು. ಅದರ ಪೈಲಟ್ ನಂಜನಗೂಡಿನ ಮಧುಶ್ರೀ. ನಿಂಗರಾಜು ಹೊರಡಲು ಅಪ್ಪಣೆ ಕೊಟ್ಟ. ಮಧುಶ್ರೀ ಅದನ್ನು ನಿಯಮದಂತೆ ಅಕ್ಷರ ಬಿಡದೆ ತಿರುಗಿ ಒಪ್ಪಿಸಿದಳು. ವಿಮಾನ ಕದಲಿತು. ಆಗಲೇ ರನ್‌ವೇಯ ಆಚೆಯ ತುದಿಯ ಹುಲ್ಲಿನಿಂದ ನವಿಲೊಂದು ಮದುವೆ ಮನೆಗೆ ಹೊರಟ ಹಿರಿಯ ಮುತ್ತೈದೆಯ ಗತ್ತಿನಲ್ಲಿ ನಡುದಾರಿಗೆ ಬಂದು ನಿಂತಿತು.

ನಿಲ್ಲಿಸಿ ಎನ್ನಬೇಕಿತ್ತು. ನಿಂಗರಾಜುವಿಗೆ ಬಾಯಿ ಬರಲಿಲ್ಲ.

ಹೊರಟವರನ್ನು ಹಿಂದಿನಿಂದ ಕರೆಯುವುದು ಅವನ ಮನೆಯಲ್ಲಿ ಸಲ್ಲದ ಕೆಲಸ. ಅಪ್ಪ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಾಗ ಅದರ ಮುಚ್ಚಳ ಜಗಲಿಯ ಮೇಲೇ ಉಳಿದಿದ್ದರೂ ಅವ್ವ ದೇವೀರಮ್ಮ ‘ನಿಂತ್ಕಳಿ’ ಎಂದು ಒಮ್ಮೆಯೂ ಕೂಗಿದವಳಲ್ಲ. ಹೊಸಿಲ ಮೇಲೆ ನಿಂತು, ಗಾಳಿಗೆ ಹೇಳುವವಳಂತೆ, ‘ಎಲ್ಲಾ ತಕ್ಕಂಡ್ರಾ?’ ಎನ್ನುವಳು. ಅಪ್ಪ ತಟ್ಟನೆ ನಿಂತು ಜೇಬು ಮುಟ್ಟಿ, ಕ್ಯಾನು ನೋಡಿ, ತಾನಾಗಿಯೇ ತಿರುಗಿ ಬರುವನು. ಕರೆದ ಹಾಗೂ ಆಗಲಿಲ್ಲ, ಬಿಟ್ಟ ಹಾಗೂ ಆಗಲಿಲ್ಲ.

ನಿಂಗರಾಜು ಮೈಕಿನ ಗುಂಡಿ ಒತ್ತಿ, ಕಲಿತ ಇಂಗ್ಲಿಷಿನಲ್ಲೇ ಕೇಳಿದ: ತಮ್ಮ ಸಿದ್ಧತೆಗಳೆಲ್ಲ ಮುಗಿದಿವೆಯೇ, ಖಚಿತಪಡಿಸಿ.

ಮುಗಿದಿವೆ ಎಂದು ಮಧುಶ್ರೀ ಖಚಿತಪಡಿಸಿದಳು. ಇಂಜಿನ್ನು ಇನ್ನಷ್ಟು ಮೊರೆಯಿತು.

ಪ್ರೇಮ್‌ಕುಮಾರರ ಕೈ ಮೈಕಿನತ್ತ ಹೋಯಿತು. ಅದು ತಲುಪುವ ಮೊದಲೇ ನಿಂಗರಾಜು ನಿಯಮ, ಇಂಗ್ಲಿಷು, ಅವ್ವ ಎಲ್ಲವನ್ನೂ ಮರೆತು ಅರಚಿದ: “ನಿಲ್ಸೀ! ನಿಲ್ಸೀ ತಾಯೀ, ನವ್ಲು!”

ಇನ್ನೂ ವೇಗ ಹಿಡಿದಿರದ ವಿಮಾನ ಮೂಗು ತಗ್ಗಿಸಿ ನಿಂತಿತು. ಒಬ್ಬರಿಗೂ ಏನೂ ಆಗಲಿಲ್ಲ. ನವಿಲು ಆ ಕಡೆ ಈ ಕಡೆ ನೋಡಿ, ಬಂದ ಹುಲ್ಲಿಗೇ ಮರಳಿತು. ಬ್ರೇಕು, ಇಂಜಿನ್ನು ಎಲ್ಲ ನೋಡಿಕೊಂಡು, ಮಧುಶ್ರೀ ವಿಮಾನವನ್ನು ಸುತ್ತು ತಿರುಗಿಸಿ ಮತ್ತೆ ಮೊದಲಿನ ತುದಿಗೆ ತಂದಳು. ನಿಂಗರಾಜು ಈ ಸಲ ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟ. ಉತ್ತರವಿಲ್ಲ. ಮತ್ತೊಮ್ಮೆ ಹೇಳಿದ. ಆಗಲೂ ಇಲ್ಲ.

“ಕೋಪ ಮಾಡ್ಕೊಂಡ್ರಾ ಸಾ?” ಎಂದು ಪ್ರೇಮ್‌ಕುಮಾರರತ್ತ ತಿರುಗಿದ.

“ರೇಡಿಯೋ ಕೆಟ್ಟಿರಬೇಕು ಕಣಯ್ಯಾ. ಕೋಪ ಮಾಡ್ಕೊಳ್ಳೋಕೆ ಅವಳೇನು ನಿನ್ನ ನಾದಿನೀನಾ?”

ಅಷ್ಟರಲ್ಲಿ ದನಿ ಬಂತು, ಅಚ್ಚ ನಂಜನಗೂಡಿನ ಕನ್ನಡದಲ್ಲಿ. “ಕಂಟ್ರೋಲರ್ ಸಾಹೇಬ್ರೇ, ಒಂದು ಗುಟುಕು ನೀರು ಕುಡಿದೆ. ಹಿಂದಿನಿಂದ ಕರೆದುಬಿಟ್ಟಿರಲ್ಲಾ, ಕೂತು ನೀರು ಕುಡಿಯದೆ ಹೊರಟರೆ ನಮ್ಮಜ್ಜಿ ರುದ್ರಾಣಮ್ಮ ಬಿಟ್ಟಾರಾ?”

“ತಪ್ಪಾಯ್ತು ಮೇಡಂ. ಅದಕ್ಕೇ ಮೊದ್ಲು ಎಲ್ಲಾ ತಕ್ಕಂಡ್ರಾ ಅಂದಿದ್ದು.”

“ಓ, ಅದು ಇದಕ್ಕಾ! ನಾನು ನನ್ನ ಚೆಕ್‌ಲಿಸ್ಟ್ ಕೇಳ್ತಿದ್ದೀರಿ ಅಂದ್ಕೊಂಡೆ. ಕರೆದಿದ್ದು ಸರಿ ಸಾಹೇಬ್ರೇ, ತಡವಾಗಿ ಕರೆದಿದ್ದೇ ತಪ್ಪು.”

“ಇಂಗ್ಲಿಷ್, ಇಂಗ್ಲಿಷ್!” ಎಂದು ಪ್ರೇಮ್‌ಕುಮಾರ್ ಮೇಜು ಕುಟ್ಟಿದರು. ಮಧುಶ್ರೀ ಇಂಗ್ಲಿಷಿನಲ್ಲಿ ಅಪ್ಪಣೆಯನ್ನು ಒಪ್ಪಿಸಿ ಆಕಾಶಕ್ಕೇರಿದಳು.

ಆಮೇಲೆ ಟವರಿನಲ್ಲಿ ವಿಚಾರಣೆ ನಡೆಯಿತು. ನಿಂಗರಾಜು ಕ್ಯಾನಿನ ಮುಚ್ಚಳದ ಕತೆಯನ್ನೆಲ್ಲ ಹೇಳಿಕೊಂಡ. ಪ್ರೇಮ್‌ಕುಮಾರ್ ನಗಲಿಲ್ಲ.

“ನಿಮ್ಮವ್ವನ ಆ ಮಾತು ನಿಮ್ಮಪ್ಪನಿಗೆ ಅರ್ಥವಾಗೋಕೆ ಎಷ್ಟು ವರ್ಷದ ಸಂಸಾರ ಬೇಕಾಯ್ತೋ! ಪೈಲಟ್‌ಗೆ ಅಷ್ಟು ಪುರುಸೊತ್ತು ಎಲ್ಲಿದೆ? ಇಲ್ಲಿ ಮರ್ಯಾದೆ ಅಂದ್ರೆ ನೇರವಾಗಿ ಹೇಳೋದು.”

“ಹಂಗಾದ್ರೆ ನಾನು ಫೇಲಾ ಸಾ?”

“ಇನ್ನೊಂದು ವಿಮಾನ ಇದೆ. ಬಾಯಿ ಮುಚ್ಕೊಂಡು ಕೂತ್ಕೋ. ಅಲ್ಲ, ಬಾಯಿ ತೆಗೆದುಕೊಂಡೇ ಕೂತ್ಕೋ.”

ಮಧ್ಯಾಹ್ನದ ವಿಮಾನದ ಪೈಲಟ್ ಬಸವಪ್ರಸಾದ್, ಅನುಭವಸ್ಥ, ಮಿತಭಾಷಿ. ಅಪ್ಪಣೆ ಪಡೆದು ಅವನು ಇನ್ನೇನು ಹೊರಡಬೇಕು, ಹುಲ್ಲು ಕತ್ತರಿಸುವ ಟ್ರ್ಯಾಕ್ಟರೊಂದು ತನ್ನ ಗೆರೆ ದಾಟಿ ರನ್‌ವೇಯತ್ತ ಮೂಗು ಚಾಚಿತು. ನಿಂಗರಾಜು ಈ ಸಲ ಗಾಳಿಗೆ ಹೇಳಲಿಲ್ಲ. ಹೆಸರು ಹಿಡಿದು, ಶುದ್ಧ ಇಂಗ್ಲಿಷಿನಲ್ಲಿ, ಅಪ್ಪಣೆ ರದ್ದಾಗಿದೆ, ಇದ್ದಲ್ಲೇ ನಿಲ್ಲಿ ಎಂದು ಎರಡೆರಡು ಸಲ ಗುಡುಗಿದ. ಚಕ್ರ ಒಂದು ಸುತ್ತೂ ಉರುಳಲಿಲ್ಲ.

ಇದ್ದಲ್ಲೇ ನಿಂತಿದ್ದೇನೆ ಎಂದು ಬಸವಪ್ರಸಾದ್ ಇಂಗ್ಲಿಷಿನಲ್ಲಿ ಒಪ್ಪಿಸಿದ. ಆಮೇಲೆ ತಡೆಯಲಾರದೆ ಕನ್ನಡದಲ್ಲಿ ಸೇರಿಸಿದ: “ಸ್ವಲ್ಪ ಮೆಲ್ಲಗೆ ಸ್ವಾಮೀ, ಚಾಮುಂಡಿಬೆಟ್ಟದವರೂ ನಿಂತುಬಿಟ್ಟಿರ್ತಾರೆ.”

ಟ್ರ್ಯಾಕ್ಟರು ಹಿಂದೆ ಸರಿಯಿತು, ವಿಮಾನ ಹೊರಟಿತು. ಪ್ರೇಮ್‌ಕುಮಾರ್ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಎದ್ದರು.

“ಎಲ್ಲಿಗೆ ಸಾ?”

“ಊಟಕ್ಕೆ.”

“ನನ್ನ ಪರೀಕ್ಷೆ?”

“ಪಾಸಾಗದವನನ್ನ ಟವರಿನಲ್ಲಿ ಒಬ್ಬನ್ನೇ ಬಿಟ್ಟು ಊಟಕ್ಕೆ ಹೋಗೋಕೆ, ನನಗೇನು ಕೆಲಸ ಬೇಡವಾ?” ಎನ್ನುತ್ತಾ ಅವರು ಮೆಟ್ಟಿಲಿಳಿದರು.

ನಿಂಗರಾಜು ನಡುವಿನ ಕುರ್ಚಿಯನ್ನು ಎಳೆದುಕೊಂಡು, ಅಗಲವಾಗಿ ಕೂತ.