ಹುಳು ಬಿದ್ದ ಜೋಳ

ಎಪ್ಪತ್ತೆರಡರ ಡಿಸೆಂಬರಿನ ಬಿಸಿಲಿನಲ್ಲಿ, ಮುಂಬಯಿಯ ಮಲಾಡಿನ ಆಫೀಸಿನ ಟೆರೇಸಿನ ಮೇಲೆ ಜೋಳ ಹರಡಿದ್ದನ್ನು ಕಂಡು ಶಾಮಲಾ ಓಡಿಬಂದು ಒಂದು ಹಿಡಿ ಎತ್ತಿ ನೋಡಿದಳು. ತನ್ನ ಪೆಟ್ಟಿಗೆಗಳ ಜೋಳವೇ. ಮೇಲೆ ಬೇವಿನ ಸೊಪ್ಪು ಬೇರೆ. ಗುಬ್ಬಿಗಳಿಗೆ ಹಬ್ಬವೋ ಹಬ್ಬ.

"ದೇವಕ್ಕಾ! ಏನಿದು?"

ಕಸ ಗುಡಿಸುವ ದೇವಕ್ಕ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಹುಳಾ ಬಿದ್ದಿತ್ತಲ್ರೀ ಬಾಯಾರ. ಮುಂಜಾನಿಂದ ಬಿಸಿಲಿಗಿ ಹಾಕೀನಿ. ಒಂದೂ ಉಳ್ದಿಲ್ಲ ನೋಡ್ರಿ."

ನಾಲ್ಕು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆ ಹುಳುಗಳನ್ನು ಅವಳೇ ಜೋಳದಲ್ಲಿ ಸಾಕಿದ್ದಳು; ಅವು ಪತಂಗವಾಗಬೇಕಿತ್ತು. ಪತಂಗದ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ ಕೊಟ್ಟರೆ, ಸಾಸಿವೆಗಿಂತ ಸಣ್ಣ ಕಣಜಗಳು ಅವುಗಳೊಳಗೆ ತಮ್ಮ ಮೊಟ್ಟೆಯಿಡುತ್ತಿದ್ದವು. ಆ ಕಾರ್ಡು ಕಬ್ಬಿನ ಗದ್ದೆಗೆ ಹೋದರೆ, ಅಲ್ಲಿ ಹೊರಬಂದ ಕಣಜಗಳು ಕಾಂಡಕೊರಕ ಹುಳುವಿನ ಮೊಟ್ಟೆಗಳನ್ನು ಹುಡುಕಿ ಅವುಗಳಲ್ಲೂ ಮೊಟ್ಟೆಯಿಟ್ಟು, ಅದರ ಕಾಟ ಮೊಟ್ಟೆಯಲ್ಲೇ ಮುಗಿಯುತ್ತಿತ್ತು. ಹನ್ನೊಂದಕ್ಕೆ ದೊಡ್ಡ ಸಾಹೇಬರು ಬಂದು ನೋಡಿ ಒಪ್ಪಬೇಕು, ಇಲ್ಲವಾದರೆ ಅವಳು ಹುಳು ಸಾಕುವ ಕೋಣೆ ಬೆಳೆಗೆ ಹೊಡೆಯುವ ಔಷಧಿಯ ಡ್ರಮ್ಮುಗಳ ಪಾಲು.

"ಯಾರು ಮುಟ್ಟು ಅಂದಿದ್ದು ನಿನಗೆ?"

"ನೀವೇ ಅಂದ್ರೆಲ್ರೀ, ಸಾಹೇಬ್ರು ಬರ್ತಾರ, ಖೋಲಿ ಛಲೋ ಮಾಡಿಡು ಅಂತ. ರೇಷನ್‌ಗೆ ಪಾಳಿ ಹಚ್ಚಿದ್ರೂ ಜ್ವಾಳಾ ಸಿಗವಲ್ದು. ಇಷ್ಟು ಹಾಳಾಗ್ಲಾಕ ಬಿಡ್ಲೇನು? ಡಬ್ಬ್ಯಾಗ ಏನದರಿ ಅಂತ ಎಷ್ಟ್ ಸಲ ಕೇಳೀನಿ. ನಿಂಗ ತಿಳಿಯಲ್ಲ ಬಿಡು ಅಂದ್ರಿ."

ಶಾಮಲಾ ಹಾಗೆ ಅಂದದ್ದು ನಿಜ, ಒಂದಲ್ಲ ಹತ್ತು ಸಲ. ಇನ್ನು ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು?

ಸಾಹೇಬರು ಬಂದರು. ಖಾಲಿ ಪೆಟ್ಟಿಗೆಗಳಲ್ಲಿ ಇಣುಕಿದರು. ಶಾಮಲಾ ಉಳಿದಿದ್ದ ಒಂದೇ ಕಣಜದ ಗಾಜಿನ ನಳಿಕೆ ಎತ್ತಿ ಹಿಡಿದರೆ, ಕನ್ನಡಕ ಕಾರಿನಲ್ಲೇ ಬಿಟ್ಟುಬಂದಿದ್ದೇನೆ ಎಂದರು. ಕೋಣೆ ಬಹಳ ಸಾಫ್ ಇದೆ, ಡ್ರಮ್ಮುಗಳಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಹೊಗಳಿ ಹೊರಟುಹೋದರು. ನಾಲ್ಕು ತಿಂಗಳಿಗೆ ನಾಲ್ಕು ನಿಮಿಷ.

ಮಧ್ಯಾಹ್ನ ದೇವಕ್ಕ ಮೊರ ಹಿಡಿದು ಬಾಗಿಲಲ್ಲಿ ನಿಂತಳು. ಆರಿಸಿದ ಜೋಳದ ನಡುವೆ ಐದಾರು ಹುಳು ಮಿಸುಕುತ್ತಿದ್ದವು.

"ಇವು ಇನ್ನಾ ಜೀಂವ ಅದಾವ್ರಿ, ಬಾಯಾರ."

ಶಾಮಲಾ ನಳಿಕೆಯನ್ನೂ ಭೂತಕನ್ನಡಿಯನ್ನೂ ಅವಳ ಕೈಗಿಟ್ಟಳು. ಬೆಳಿಗ್ಗೆಯಷ್ಟೇ ಹೊರಬಂದ ಕಣಜಗಳು ಒಡೆದ ಮೊಟ್ಟೆಗಳ ಕಾರ್ಡಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದವು.

ದೇವಕ್ಕ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಏನ್ ಹುಡುಕ್ಲಾಕ ಹತ್ಯಾವ್ರಿ ಇವು?"

ಶಾಮಲಾ ಸ್ಟೂಲು ಎಳೆದು ಅವಳ ಪಕ್ಕಕ್ಕೆ ಇಟ್ಟಳು.