ಏಳು ಮಕ್ಕಳ ಬ್ರಹ್ಮಚಾರಿ

ನಾನು ಒಂದು ನಾಟಕದ ತಂಡದಲ್ಲಿ ಪ್ರಾಂಪ್ಟರ್. ಅಂದರೆ ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟುವವಳು. ಚಪ್ಪಾಳೆ ಅವರಿಗೆ, ಬೈಗುಳ ನನಗೆ. ಅದಕ್ಕೇನೂ ಬೇಸರವಿಲ್ಲ, ಬೈದವರಿಗೆ ಬಡ್ಡಿ ಸಮೇತ ವಾಪಸು ಕೊಡುವಷ್ಟು ಬಾಯಿ ನನಗಿದೆ. ತಂಡದ ಹಾಸ್ಯನಟ ನನ್ನ ಸ್ವಂತ ಅಣ್ಣ. ಅತ್ತಿಗೆ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ.

ಈಚೆಗೆ ಅಣ್ಣನಿಗೆ ಮರೆವು ಶುರುವಾಗಿದೆ. ಮೊದಲು ಬೀಗದ ಕೈಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಹುಡುಕಿದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ರಂಗದ ಮೇಲೂ ಮಾತು ತಪ್ಪತೊಡಗಿತು. ಆಗ ಯಾರಿಗೂ ನಗು ಬರಲಿಲ್ಲ.

ನಾವು ಈಗ ಆಡುತ್ತಿರುವುದು ಬಾಡಿಗೆ ಮನೆ ಹುಡುಕುವ ಬ್ರಹ್ಮಚಾರಿಯೊಬ್ಬನ ನಾಟಕ. ಮನೆಯೊಡತಿಗೆ ಮಕ್ಕಳನ್ನು ಕಂಡರಾಗದು. ಆ ಪಾತ್ರ ಮಾಡುವವಳ ಗಂಟಲಿಗೆ ಮೈಕು ಬೇಡ, ಹಾಗಾಗಿ ತಂಡದಲ್ಲೆಲ್ಲ ಅವಳು ಸೈರನ್. ಅವಳು “ಮಕ್ಕಳೆಷ್ಟು?” ಎಂದು ಗದರಬೇಕು. ಅಣ್ಣ ಕುರ್ಚಿಯಿಂದ ಎದ್ದು, ಎದೆಯ ಮೇಲೆ ಕೈಯಿಟ್ಟು, “ಮದುವೆಯೇ ಆಗಿಲ್ಲ ತಾಯಿ” ಎನ್ನಬೇಕು. ಜನ ಒಂದಿಷ್ಟು ನಗುತ್ತಾರೆ, ನಾಟಕ ಮುಂದೆ ಸಾಗುತ್ತದೆ. ಬರೆದವರ ಲೆಕ್ಕ ಅಷ್ಟೇ ಇತ್ತು.

ಮೊದಲ ಪ್ರದರ್ಶನದಲ್ಲಿ ಸೈರನ್ ಗದರಿದಳು. ಅಣ್ಣ ಕೂತೇ ಇದ್ದ. ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಒಳಗೆ ಏನೂ ಉಳಿದಿಲ್ಲ. ಮೈ ಅಲ್ಲಾಡಿದರೆ ಅವನಿಗೆ ಮಾತು ತಾನಾಗಿ ಬರುತ್ತದೆ. ಅದಕ್ಕೇ ಮಾತನ್ನು ಬಿಟ್ಟು, ಎದ್ದು ನಿಲ್ಲಲಿ ಎಂದು, “ಏಳು” ಎಂದು ಪಿಸುಗುಟ್ಟಿದೆ.

ಅಣ್ಣ ಬಹಳ ವಿಧೇಯನಾಗಿ ಸೈರನ್ ಕಡೆ ತಿರುಗಿ, ಕೂತಲ್ಲಿಂದಲೇ ಉತ್ತರ ಕೊಟ್ಟ.

“ಏಳು.”

ಸೈರನ್ ಒಂದು ಕ್ಷಣ ತಬ್ಬಿಬ್ಬಾದಳು. ಆದರೆ ಅವಳೂ ಈ ಕೆಲಸದಲ್ಲಿ ಪಳಗಿದವಳು. ಹುಬ್ಬು ಗಂಟಿಕ್ಕಿ, “ಮದುವೆ?” ಎಂದಳು. ಅಷ್ಟರಲ್ಲಿ ಅಣ್ಣನಿಗೆ ನಿಜವಾದ ಮಾತು ನೆನಪಾಗಿತ್ತು. ಎದ್ದು, ಎದೆಯ ಮೇಲೆ ಕೈಯಿಟ್ಟು, “ಮದುವೆಯೇ ಆಗಿಲ್ಲ ತಾಯಿ” ಎಂದ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಮಾತು ಹೇಳಲು ಜಾಗವೇ ಸಿಗಲಿಲ್ಲ. ನಾನು “ಏಳಿ” ಎಂದಿದ್ದರೆ ಈ ಅವಾಂತರ ಆಗುತ್ತಿರಲಿಲ್ಲ, ನಿಜ. ಆದರೆ ಒಡಹುಟ್ಟಿದ ಅಣ್ಣನಿಗೆ ಯಾರು ಬಹುವಚನ ಹಾಕುತ್ತಾರೆ?

ಎಲ್ಲರೂ ನಗುತ್ತಿದ್ದರೆ ನಾನು ಮಾತ್ರ ಅಣ್ಣನ ಮುಖವನ್ನೇ ನೋಡುತ್ತಿದ್ದೆ. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎನ್ನುತ್ತಾರಲ್ಲ, ನನ್ನಣ್ಣ ಬಿದ್ದಿದ್ದ. ಅದೂ ನಾನು ಅಡ್ಡಗಾಲು ಕೊಟ್ಟು.

ಮರುದಿನ ನಿರ್ದೇಶಕ ನಮ್ಮಿಬ್ಬರನ್ನೂ ಕೂರಿಸಿಕೊಂಡ. ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯವನೇ. ಸುತ್ತಿ ಬಳಸಿ ಮಾತಾಡುವವನಲ್ಲ.

“ಅಣ್ಣಾ, ಆ ಏಳು ನಾಟಕದಲ್ಲೇ ಇರ್ಲಿ. ಆದ್ರೆ ಬೇಕೂಂತ ಮಾಡಿ ತೋರಿಸ್ಬೇಕು. ಮರೆತು ನಗಿಸೋದನ್ನ ನಂಬ್ಕೊಂಡು ನಾನು ಟಿಕೆಟ್ ಮಾರೋಕಾಗಲ್ಲ. ಜನ ನಿಮ್ಮ ಪಾತ್ರಕ್ಕೆ ನಗ್ತಾರೋ, ನಿಮ್ಮ ಪಾಡು ನೋಡಿ ನಗ್ತಾರೋ, ಅದು ನನಗೆ ಗೊತ್ತಾಗ್ಬೇಕು.”

“ಆಗ್ಲಿಲ್ಲ ಅಂದ್ರೆ?” ನಾನು ಕೇಳಿದೆ.

“ಪಾತ್ರ ಜಿರಾಫೆಗೆ ಕೊಡ್ತೀನಕ್ಕ. ಅವನು ಮಾತೆಲ್ಲ ಕಲ್ತಿಟ್ಕೊಂಡಿದಾನೆ.”

ಜಿರಾಫೆ ಅಂದರೆ ತಂಡದ ಉದ್ದನೆಯ ಕತ್ತಿನ ನಟ. ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಣ್ಣ, “ಸರಿಯಾಗೇ ಹೇಳ್ದೆ. ಭಾನುವಾರದ ಆಟ ನೋಡು” ಎಂದು ಎದ್ದುಬಿಟ್ಟ.

ಅಡುಗೆಮನೆಯಲ್ಲೇ ಅಭ್ಯಾಸ. ನಾನು ಈರುಳ್ಳಿ ಹೆಚ್ಚುತ್ತ ಸೈರನ್ ಆದೆ. “ಮಕ್ಕಳೆಷ್ಟು?” ಎಂದೆ. ಅಣ್ಣ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗು ಇಟ್ಟುಕೊಂಡು “ಏಳು” ಎಂದ. ಹೆಣಕ್ಕೆ ಕಚಗುಳಿ ಇಟ್ಟಂತಿತ್ತು. ಕಣ್ಣರಳಿಸಿ ಹೇಳಿದ, ಇನ್ನೂ ಕೆಟ್ಟಿತು. ತಡೆದು ಹೇಳಿದ, ಬಸ್ಸಿಗೆ ಕಾಯುತ್ತಿರುವವನಂತೆ ಕಂಡ. ತಟ್ಟನೆ ಹೇಳಿದ, ಮಗ್ಗಿ ಒಪ್ಪಿಸಿದಂತಿತ್ತು.

“ನೀನು ಜೋಕು ಹೇಳ್ತಿದೀಯ ಅಂತ ನಿನ್ನ ಮುಖಕ್ಕೆ ಮೊದ್ಲೇ ಗೊತ್ತು ಕಣೋ!” ಚಾಕು ಕುಕ್ಕಿ ಹೇಳಿದೆ. “ನಿನಗೆ ಗೊತ್ತಾಗಿದ್ದು ನನಗ್ಯಾಕೆ ನಗು ಬರ್ಸುತ್ತೆ?”

“ಹಾಗಾದ್ರೆ ಅವತ್ತು ಯಾಕೆ ನಕ್ರು?”

“ಅವತ್ತು ನೀನು ನಿಜ ಹೇಳ್ತಿದ್ದೆ. ಏಳು ಅನ್ನೋದೇ ಸರಿ ಉತ್ತರ ಅಂತ ನಂಬಿದ್ದೆ.”

ಅಣ್ಣ ಈರುಳ್ಳಿ ಸಿಪ್ಪೆಯನ್ನು ನೋಡುತ್ತ ಕೂತ. ಬೈದದ್ದು ಹೆಚ್ಚಾಯಿತೇನೋ ಎಂದು ನಾನು ಪೇಚಾಡುವಷ್ಟರಲ್ಲಿ ಅವನ ಮುಖ ಬೆಳಗಿತು.

“ಹೌದಲ್ವೇನೆ? ತಪ್ಪು ಮಾಡಿದ್ದಕ್ಕೆ ಜನ ನಗಲ್ಲ. ಆ ತಪ್ಪನ್ನ ಬಿಡದೆ ಸಾಕ್ತಾನಲ್ಲ, ಅದಕ್ಕೆ ನಗ್ತಾರೆ. ಏಳು ಅಂದ್ಬಿಟ್ಟೆ. ಇನ್ನು ಆ ಏಳನ್ನೂ ನಾನೇ ಸಾಕ್ಬೇಕು.”

ಅಂದಿನಿಂದ ಆ ಏಳು ಮಕ್ಕಳನ್ನು ಸಾಕತೊಡಗಿದ. ಯಾವನಿಗೆ ಶೀತ, ಯಾವಳು ಹಟಮಾರಿ, ಯಾರು ಯಾರ ಅಂಗಿ ಹಾಕಿಕೊಂಡು ಓಡಿಹೋದರು, ಎಲ್ಲ ಗೊತ್ತು ಮಾಡಿಕೊಂಡ. “ಏಳು” ಎಂದ ಮೇಲೆ ಬೆರಳು ಮಡಚಿ ಎಣಿಸುವುದು, ಆರಕ್ಕೇ ಲೆಕ್ಕ ಮುಗಿಯುವುದು, ಗಾಬರಿಯಾಗಿ ಕುರ್ಚಿಯ ಕೆಳಗೆ ಬಗ್ಗಿ ಏಳನೆಯದನ್ನು ಹುಡುಕುವುದು. ಮೊದಲ ಸಲ ಬಗ್ಗಿದಾಗ ನಾನೂ ಪೆದ್ದಿಯಂತೆ ಕುರ್ಚಿಯ ಕೆಳಗೆ ನೋಡಿದೆ. ಆಗ ಗೆದ್ದೆವು ಎಂದುಕೊಂಡೆ. ಆದರೂ ದಿನಕ್ಕೊಮ್ಮೆಯಾದರೂ ನಡುವೆ ಅವನ ಮುಖ ಖಾಲಿಯಾಗುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆವು. ಒಂದು ದಿನವೂ ಸಾಕು ಎನ್ನಲಿಲ್ಲ, ಅವನೂ ಅಷ್ಟೇ, ನಾನೂ ಅಷ್ಟೇ.

ಭಾನುವಾರ ಬಣ್ಣ ಹಚ್ಚಿಕೊಳ್ಳುತ್ತ ಅಣ್ಣ ಹೇಳಿದ, “ಆ ಜಾಗದಲ್ಲಿ ನೀನು ಬಾಯಿಗೆ ಬೀಗ ಹಾಕ್ಕೊಂಡಿರ್ಬೇಕು. ಏನೇ ಆಗ್ಲಿ.”

“ಮರೆತ್ರೆ?”

“ಮರೆತ್ರೂ. ನೀನು ಎತ್ತಿ ನಿಲ್ಲಿಸಿದ್ರೆ ಅದು ನಿನ್ನ ಕೆಲಸ ಆಯ್ತು. ನನ್ನದು ಉಳೀಬೇಕಲ್ಲ?”

ಒಪ್ಪಿಕೊಂಡೆ. ಒಪ್ಪುವುದು ಸುಲಭವಿತ್ತು.

ಪರದೆ ಸರಿಯಿತು. ಸೈರನ್ ಸೊಂಟಕ್ಕೆ ಕೈಕೊಟ್ಟು, “ಮಕ್ಕಳೆಷ್ಟು?” ಎಂದು ಗದರಿದಳು.

ಅಣ್ಣ ಮಾತಾಡಲಿಲ್ಲ.

ಅಭ್ಯಾಸದಲ್ಲಿ ಇಲ್ಲಿ ಮೌನವಿರಲಿಲ್ಲ. ಮೊದಲು ಉತ್ತರ, ಆಮೇಲೆ ಎಣಿಕೆ. ಸೈರನ್ ಕಡೆಗಣ್ಣಿನಿಂದ ನನ್ನತ್ತ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಜಿರಾಫೆ, “ಅಕ್ಕಾ, ಹೇಳ್ಕೊಡಿ ಅಕ್ಕಾ, ಪಾಪ” ಎಂದು ಪಿಸುಗುಟ್ಟಿದ. ಪಾತ್ರ ಸಿಗಬೇಕಾದವನೇ ಹಾಗೆ ಬೇಡಿಕೊಳ್ಳುತ್ತಿದ್ದ. ಆ ‘ಪಾಪ’ ಕೇಳಿಯೇ ನನಗೆ ಹಟ ಬಂತು. ಸಭೆಯ ಬಾಯಲ್ಲಿ ಆ ಮಾತು ಬಂದರೆ ಅಣ್ಣನ ಕತೆ ಮುಗಿಯಿತು. ಅಯ್ಯೋ ಅಂದವರು ಮತ್ತೆ ನಗುವುದಿಲ್ಲ. ನಾನು ಹೇಳಿಕೊಟ್ಟರೂ ಅಷ್ಟೇ. ತುಟಿ ಕಚ್ಚಿಕೊಂಡೆ. ರಕ್ತದ ರುಚಿ ಬಂತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅಣ್ಣನ ಕೈ ಮೊಣಕಾಲ ಮೇಲಿತ್ತು. ಕಿರುಬೆರಳು ಮಡಚಿಕೊಂಡಿತ್ತು. ಆಮೇಲೆ ಇನ್ನೊಂದು. ಒಬ್ಬೊಬ್ಬರ ಎತ್ತರ ಅಳೆಯುವಂತೆ ಗಾಳಿಯಲ್ಲಿ ನೋಡುತ್ತ, ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದ. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬಂತು. ಆರಕ್ಕೆ ನಿಂತ. ಕುರ್ಚಿಯ ಕೆಳಗೆ ಬಗ್ಗಿದ. ಇಡೀ ಮೊದಲ ಸಾಲು ಅವನೊಡನೆ ಬಗ್ಗಿತು. ನಿಧಾನವಾಗಿ ತಲೆಯೆತ್ತಿ, ದೊಡ್ಡ ಭಾರ ಇಳಿಸಿದವನಂತೆ ಸೈರನ್‌ಗೆ ಹೇಳಿದ:

“ಏಳು.”

“ಮದುವೆ?”

“ಮದುವೆಯೇ ಆಗಿಲ್ಲ ತಾಯಿ.”

ಮೊದಲ ದಿನದ ನಗು ಇದರ ಮುಂದೆ ಏನೂ ಅಲ್ಲ. ನಿರ್ದೇಶಕ ಓಡಿ ಬಂದು ಜಿರಾಫೆಯ ಬೆನ್ನು ತಟ್ಟಿ, “ನಿನಗೆ ಬೇರೆ ಪಾತ್ರ ನೋಡೋಣಪ್ಪ” ಎಂದ. ಜಿರಾಫೆ ಆಗಲೇ ನೆಲದ ಮೇಲೆ ಕೂತು ನಗುತ್ತಿದ್ದ. ನಾನು ಮಾತ್ರ ತುಟಿಯ ರಕ್ತ ಒರೆಸಿಕೊಳ್ಳುತ್ತಿದ್ದೆ.

ಮಧ್ಯಂತರದಲ್ಲಿ ಬಣ್ಣದ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಅಣ್ಣ ಕನ್ನಡಿಯ ಮುಂದೆ ಬೆವರು ಒತ್ತಿಕೊಳ್ಳುತ್ತಿದ್ದ.

“ನಿಜ ಹೇಳು. ಮೊದ್ಲು ಸುಮ್ನಿದ್ಯಲ್ಲ, ಅದು ಮರೆತಿದ್ದಾ, ಇಲ್ಲ ಬೇಕೂಂತ ಮಾಡಿದ್ದಾ?”

“ನಿನಗೇನು ಅನ್ನಿಸ್ತು?”

“ಗೊತ್ತಾಗ್ಲಿಲ್ಲ ಕಣೋ. ಜೀವ ಬಾಯಿಗೆ ಬಂದಿತ್ತು.”

ಅವನು ಕನ್ನಡಿಯಲ್ಲೇ ನನ್ನನ್ನು ನೋಡಿದ. ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

“ಇಷ್ಟು ವರ್ಷ ಪಕ್ಕದಲ್ಲೇ ನಿಂತು ನನ್ನ ಉಸಿರು ಕೇಳಿದೋಳು ನೀನು. ನಿನಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಅದು ನಟನೆನೇ ಕಣೆ. ನಾನು ಮರೆತಿದ್ರೂ ಸರಿ.”