ಬಾಡಿಗೆಯವನ ಅಂಗಡಿಯಲ್ಲಿ ಅಳಿಯನ ಸೂಟು

ಜರಗನಹಳ್ಳಿಯ ಚಿಕ್ಕಬೈರಪ್ಪನವರು ಮಾತು ಕೊಟ್ಟರೆ ಮುಗಿಯಿತು, ದೇವರೇ ಇಳಿದು ಬಂದು ಹೇಳಿದರೂ ಹಿಂದೆ ತೆಗೆಯುವ ಆಸಾಮಿಯಲ್ಲ. ಊರವರಿಗೆ ಅದು ದೊಡ್ಡ ಗುಣ, ಹೆಂಡತಿ ಲಕ್ಷ್ಮಿದೇವಮ್ಮನಿಗೆ ಮಾತ್ರ ತಲೆನೋವು. ಈ ಸಲ ಅವರು ಕೊಟ್ಟು ಬಂದ ಮಾತು ಏನು ಗೊತ್ತೇ? ಮಗಳು ಶಾಲಿನಿಯ ನಿಶ್ಚಿತಾರ್ಥಕ್ಕೆ ಅಳಿಯನಾಗುವ ಹುಡುಗನ ಸೂಟನ್ನು ಶಿವರಾಮನ ಕೈಲೇ ತೆಗೆಸುವುದಂತೆ. ಈ ಶಿವರಾಮ ಅವರದೇ ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಬಾಡಿಗೆಗಿದ್ದವನು. ಮನೆ ಕೆಳಗೇ ಗಂಡಸರ ಬಟ್ಟೆ ಅಂಗಡಿ ಇಟ್ಟುಕೊಂಡು ಬೇರೆಯವರ ಮೆಟ್ಟಿಲು ಹತ್ತಿದರೆ ಜನ ಏನಂದಾರು ಎಂಬುದು ಯಜಮಾನರ ವಾದ.

ಹುಡುಗನಿಗೆ ಸೂಟು ಕೊಡುವುದು ಹೆಣ್ಣಿನ ಕಡೆಯವರ ಪದ್ಧತಿ. ಭಾನುವಾರದ ನಿಶ್ಚಿತಾರ್ಥದಲ್ಲಿ ಲಕ್ಷ್ಮಿದೇವಮ್ಮನ ಮರ್ಯಾದೆಯೆಲ್ಲ ಆ ಸೂಟಿನ ಮೇಲೆ ನಿಂತಿತ್ತು. ಬೀಗಿತ್ತಿ ಇಂದ್ರಾಣಿಯವರು ಬೇರೆ ಬನಶಂಕರಿಯಲ್ಲಿ ಇಪ್ಪತ್ತೈದು ವರ್ಷ ಹೊಲಿಗೆ ಕ್ಲಾಸ್ ನಡೆಸಿದವರು. ಅಂಥವರ ಮಗ ದೀಪಕನ ಮೈಮೇಲೆ ದಾರ ಜೋತಾಡಿದರೆ, ಶಾಲಿನಿ ಆ ಮನೆಯಲ್ಲಿ ಕೊನೆತನಕ ಮಾತು ಕೇಳಬೇಕಾಗುತ್ತದೆ.

ಗುರುವಾರ ದೀಪಕನನ್ನು ಕರೆದುಕೊಂಡು ಗಂಡ ಹೆಂಡತಿ ಅಂಗಡಿಗೆ ಇಳಿದರು. ಒಳಗೆ ಅದೆಷ್ಟು ದೀಪ ಹಾಕಿದ್ದನೆಂದರೆ ಯಾವುದು ಕಪ್ಪು ಯಾವುದು ನೀಲಿ ಒಂದೂ ತಿಳಿಯುತ್ತಿರಲಿಲ್ಲ. ಲಕ್ಷ್ಮಿದೇವಮ್ಮ ಒಂದು ಕೋಟನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರು. ಅಯ್ಯೋ ಶಿವನೇ, ಎರಡು ತೋಳಿಗೆ ಎರಡು ಬಣ್ಣ! ಇನ್ನೊಂದನ್ನು ಒಳಗು ಹೊರಗು ಮಾಡಿದರೆ ಹೊಲಿಗೆಯ ಪಕ್ಕ ಬಿಡಬೇಕಾದ ಬಟ್ಟೆಯೇ ಇಲ್ಲ. ಅಳಿಯ ಊಟಕ್ಕೆ ಎರಡು ಒಬ್ಬಟ್ಟು ಹೆಚ್ಚಿಗೆ ತಿಂದರೆ ಬಿಚ್ಚಿ ಅಗಲ ಮಾಡಲು ಏನಿದೆ ಮಣ್ಣು? ಒದ್ದೆ ಕರ್ಚೀಫಿನಿಂದ ತೋಳು ಉಜ್ಜಿದರೆ ಕರ್ಚೀಫೇ ನೀಲಿಯಾಯಿತು. ಹೊಸ ಬಟ್ಟೆ ಅಂದಮೇಲೆ ಹಾಗೇ ಎಂದು ಶಿವರಾಮ ಸಮಾಧಾನ ಹೇಳಿದ.

ಅವನ ಕನ್ನಡಿಯೂ ಗೋಡೆಗೆ ಓರೆಯಾಗಿ ಒರಗಿತ್ತು. ಕುಳ್ಳಗಿದ್ದ ದೀಪಕ ಅದರಲ್ಲಿ ಆರಡಿ ಆಳಾಗಿದ್ದ. ಪಾಪ, ಮಾವನಾಗುವವರ ಎದುರು ಬಾಯಿ ಬಿಡಲಾರದೆ, ಚೆನ್ನಾಗಿದೆ ಅಂಕಲ್ ಎಂದು ಮುಖ ಸಪ್ಪಗೆ ಮಾಡಿಕೊಂಡು ನಿಂತ. ಚಿಕ್ಕಬೈರಪ್ಪನವರು ಪ್ಯಾಕ್ ಮಾಡು ಅಂದೇಬಿಟ್ಟರು.

ಲಕ್ಷ್ಮಿದೇವಮ್ಮನಿಗೆ ಜೀವ ಬಾಯಿಗೆ ಬಂತು. ಬೇಡ ಅಂದರೆ ಗಂಡನ ಹಟ ಇನ್ನಷ್ಟು ಏರುತ್ತದೆ. ಬೇಡ ಎನ್ನುವುದು ಶಿವರಾಮನ ಬಾಯಿಂದಲೇ ಬರಬೇಕು. ಆಕೆ ನಗುನಗುತ್ತ ಅವನ ಕಡೆ ತಿರುಗಿದರು.

"ಭಾನುವಾರ ನೀನೂ ಬರ್ತೀಯಲ್ಲಪ್ಪ, ಇಂಥದ್ದೇ ಇನ್ನೊಂದು ನೀನೂ ಹಾಕ್ಕೊಂಡ್ ಬಾ. ಸ್ಟೇಜ್ ಮೇಲೆ ಅಳಿಯಂದ್ರ ಪಕ್ಕ ನಿಲ್ಸಿ, ಇದೆಲ್ಲ ನಿನ್ನ ಅಂಗಡೀದು ಅಂತ ಬೀಗಿತ್ತಿಗೆ ನಾನೇ ತೋರಿಸ್ತೀನಿ."

ಶಿವರಾಮ ಕೊರಳಿನ ಟೇಪನ್ನು ತೆಗೆದ, ಮತ್ತೆ ಹಾಕಿಕೊಂಡ.

"ಬೇಡಕ್ಕ," ಎಂದ. "ನಂದು ಆಗ್ಲೇ ತಗೊಂಡಾಯ್ತು. ಜಯನಗರ ಫೋರ್ತ್ ಬ್ಲಾಕಲ್ಲಿ."

ಚಿಕ್ಕಬೈರಪ್ಪನವರು ಪ್ಯಾಕ್ ಆದ ಸೂಟನ್ನು ನೋಡಿದರು, ಶಿವರಾಮನನ್ನು ನೋಡಿದರು. ಮಾತು ತಪ್ಪುವ ಹಾಗಿಲ್ಲ, ಸೂಟು ಒಯ್ಯುವ ಹಾಗೂ ಇಲ್ಲ. ಆಮೇಲೆ ಪಂಚೆ ಎತ್ತಿ ಕಟ್ಟಿ ಎದ್ದರು.

"ಶಟರ್ ಎಳಿ. ಸೂಟು ನಿನ್ನ ಕೈಲೇ ತೆಗೆಸ್ತೀನಿ ಅಂದಿದ್ದೀನಿ. ನೀನು ತಗೊಂಡಿರೋ ಕಡೇನೇ ತೆಗಿ ನಡಿ."

ಹಾಡಹಗಲೇ ಶಟರ್ ಇಳಿಯಿತು. ಜಯನಗರದ ಅಂಗಡಿಯಲ್ಲಿ ಶಿವರಾಮ ಬೇರೆಯೇ ಮನುಷ್ಯನಾಗಿಬಿಟ್ಟ. ಕೋಟುಗಳನ್ನು ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದ, ಒಳಹೊಲಿಗೆ ತಡವಿದ, ಗುಂಡಿ ಜಗ್ಗಿದ, ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ ಅಂದ. ಯಾವ ಕಳ್ಳಾಟವೂ ಅವನಿಗೆ ಹೊಸದಲ್ಲವಲ್ಲ! ಮೂರನ್ನು ಎತ್ತಿ ಪಕ್ಕಕ್ಕೆ ಹಾಕಿದ. ನಾಲ್ಕನೆಯದು ದೀಪಕನ ಭುಜದ ಮೇಲೆ ಹೇಳಿ ಮಾಡಿಸಿದಂತೆ ಕೂತಿತು. ಹುಡುಗ ಅವತ್ತು ಮೊದಲ ಸಲ ಬಾಯ್ತುಂಬ ನಕ್ಕ.

ಇಂದ್ರಾಣಿಯವರು ಭೂತಗನ್ನಡಿ ಹಿಡಿದು ಬಂದರೂ ಇನ್ನು ಭಯವಿಲ್ಲ ಅನ್ನಿಸಿ ಲಕ್ಷ್ಮಿದೇವಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಚಿಕ್ಕಬೈರಪ್ಪನವರು ಹೆಂಡತಿಯ ಕಡೆ ತಿರುಗಿ ಮೀಸೆ ತೀಡಿದರು.

"ನೋಡ್ದಾ? ಬಟ್ಟೆ ವಿಷ್ಯದಲ್ಲಿ ನಮ್ಮ ಶಿವರಾಮನ್ನ ಮೀರ್ಸೋರು ಯಾರೂ ಇಲ್ಲ."

ಲಕ್ಷ್ಮಿದೇವಮ್ಮ ಸೂಟಿನ ಕವರನ್ನು ಎದೆಗವಚಿಕೊಂಡು ಆಟೊ ಹತ್ತಿದರು.